ಮೂವತ್ತನಾಲ್ಕು ವರ್ಷ ಒಂದೇ ಶಾಲೆಯ ಗ್ರಂಥಾಲಯದಲ್ಲಿ: ನಮ್ಮ ‘ಮಿಸ್’ ನಿವೃತ್ತರಾಗುತ್ತಿದ್ದಾರೆ

ಗಡಿಯಂಚಿನ ಗೃಹಿಣಿ:

ನಾವಿರುವುದು ಟೆಕ್ಸಸ್‌ನ ದಕ್ಷಿಣದ ತುದಿ, ಮೆಕ್‌ಆಲೆನ್ ಸಮೀಪ. ಅರ್ಧ ಗಂಟೆಯೂ ಬೇಡ, ರಿಯೊ ಗ್ರಾಂಡೆ ನದಿ ಸಿಗುತ್ತದೆ; ಆಚೆ ದಡ ಮೆಕ್ಸಿಕೊ. ಯಜಮಾನರು ಇಲ್ಲಿನ ಆಸ್ಪತ್ರೆಯಲ್ಲಿ ವೈದ್ಯರು. ನನ್ನ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದೆ ಮಗಳ ಪ್ರಾಥಮಿಕ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಬಿಟ್ಟಿ ಕೆಲಸಕ್ಕೆ ಸೇರಿಕೊಂಡೆ. ಆ ಗ್ರಂಥಾಲಯವನ್ನು 1991ರಿಂದ ನಡೆಸಿಕೊಂಡು ಬಂದಿರುವ ಮಹಿಳೆ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಗೆ ನಾನೂ ಎರಡು ಪುಟ ಬರೆದುಕೊಡಬೇಕೆಂದು ಶಾಲೆಯವರು ಕೇಳಿದ್ದಾರೆ. ಬರೆಯಲು ಕುಳಿತರೆ ಇಂಗ್ಲಿಷ್ ಬರುತ್ತಿಲ್ಲ, ಕನ್ನಡವೇ ಬರುತ್ತಿದೆ. ಅದಕ್ಕೇ ಈ ಕನ್ನಡ ಚರ್ಚಾತಾಣಕ್ಕೆ ಬಂದೆ.

ಅವರ ಹೆಸರು ಬೇಡ. ಮಕ್ಕಳಿಗೆ ಅವರು ಬರೀ ‘ಮಿಸ್’. ಇಲ್ಲಿನ ಮಕ್ಕಳು ಮದುವೆಯಾದ ಟೀಚರನ್ನೂ ಅಜ್ಜಿಯಾದ ಟೀಚರನ್ನೂ ಹಾಗೆಯೇ ಕರೆಯುವುದು.

ಶಾಲೆಯ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮೆಕ್ಸಿಕನ್ ಮೂಲದವರು. ಕೆಲವರ ಕುಟುಂಬ ಆರು ತಲೆಮಾರಿನಿಂದ ಇಲ್ಲೇ ಇದೆ, ಕೆಲವರು ಹೋದ ತಿಂಗಳು ಬಂದವರು. ಒಂದಷ್ಟು ಮನೆಗಳವರು ಏಪ್ರಿಲ್ ಬಂದರೆ ಪಿಕಪ್ ಟ್ರಕ್ಕಿಗೆ ಹಾಸಿಗೆ ಕಟ್ಟಿಕೊಂಡು ಉತ್ತರಕ್ಕೆ ಹೊರಡುತ್ತಾರೆ: ಮಿಷಿಗನ್‌ಗೆ ಆಸ್ಪ್ಯಾರಗಸ್ ಕೊಯ್ಲಿಗೆ, ಆಮೇಲೆ ಚೆರ್ರಿ ಬಿಡಿಸಲು, ಕೆಲವರು ಮಿನೆಸೋಟದ ಸಕ್ಕರೆ ಬೀಟಿನ ಹೊಲಗಳಿಗೆ. ಶಾಲೆ ಮುಗಿಯಲು ಇನ್ನೂ ಆರು ವಾರ ಇರುತ್ತದೆ. ಮರಳುವುದು ಅಕ್ಟೋಬರ್‌ಗೆ. ಗ್ರಂಥಾಲಯದ ನಿಯಮದ ಪ್ರಕಾರ ಹೊರಡುವ ಮಗು ಎಲ್ಲ ಪುಸ್ತಕ ಹಿಂದಿರುಗಿಸಿ, ಬಾಕಿ ಇಲ್ಲವೆಂಬ ಸಹಿ ಹಾಕಿಸಿಕೊಂಡು ಹೋಗಬೇಕು.

ಮಿಸ್ ಮಾಡುವುದು ಇದರ ತದ್ವಿರುದ್ಧ. ಹೊರಡುವ ಮಗುವಿಗೆ ಎಂಟು ಪುಸ್ತಕ ಆರಿಸಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುತ್ತಾರೆ. ನಾಲ್ಕು ಇಂಗ್ಲಿಷ್, ನಾಲ್ಕು ಸ್ಪ್ಯಾನಿಷ್. ಕಂಪ್ಯೂಟರಿನಲ್ಲಿ ಅವು ‘ದುರಸ್ತಿಗೆ ಹೋಗಿವೆ’ ಎಂದು ದಾಖಲಾಗುತ್ತವೆ. ನಿಜವಾದ ಲೆಕ್ಕ ಮಾತ್ರ ಅವರ ಮೇಜಿನ ಡ್ರಾಯರಿನ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿದೆ: ಮಗುವಿನ ಹೆಸರು, ಯಾವ ಊರು, ಯಾವ ಬೆಳೆ, ಪುಸ್ತಕಗಳ ಹೆಸರು. ಒಂದು ಸಾಲಿನ ಎದುರು ‘ಚೆರ್ರಿ ಕಲೆ, ಪುಟ 14, ಪರವಾಗಿಲ್ಲ’ ಎಂದು ಬರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಸಂಗತಿ. ನಾನು ಸೇರಿದ ಹೊಸತರಲ್ಲಿ ಒಬ್ಬ ತಾಯಿಗೆ ಫೋನ್ ಮಾಡಿ, ಹರಕು ಸ್ಪ್ಯಾನಿಷಿನಲ್ಲಿ, ಮಗನ ಜೊತೆ ‘ಲಿಬ್ರೆರಿಯಾ’ಗೆ ಬನ್ನಿ ಎಂದೆ. ಅವರು ಬರಲಿಲ್ಲ. ಮತ್ತೆ ಕರೆದೆ, ಆಗಲೂ ಇಲ್ಲ. ಮಿಸ್‌ಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಸ್ಪ್ಯಾನಿಷಿನಲ್ಲಿ ಲಿಬ್ರೆರಿಯಾ ಎಂದರೆ ಪುಸ್ತಕದ ಅಂಗಡಿ. ಗ್ರಂಥಾಲಯಕ್ಕೆ ಬಿಬ್ಲಿಯೊತೆಕಾ. ಕೈಯಲ್ಲಿ ಕಾಸಿಲ್ಲದ ಹೆಂಗಸನ್ನು ನಾನು ಎರಡೆರಡು ಸಲ ಅಂಗಡಿಗೆ ಕರೆದಿದ್ದೆ.

ಧಾರವಾಡದ ಗ್ರಂಥಪಾಲಕ:

ಓದಿ ಸಂತೋಷವಾಯಿತು, ಆದರೆ ವೃತ್ತಿಯವನಾಗಿ ಒಂದು ಪ್ರಶ್ನೆ ಕೇಳದೆ ಇರಲಾರೆ. ಆ ಚೀಲಗಳಲ್ಲಿ ಎಷ್ಟು ವಾಪಸ್ ಬರುತ್ತವೆ? ನಮ್ಮಲ್ಲಿ ಲೆಕ್ಕಪರಿಶೋಧನೆಯ ಭಯಕ್ಕೆ ಶಾಲೆಯ ಪುಸ್ತಕಗಳು ಬೀರುವಿನಲ್ಲೇ ಗೆದ್ದಲಿಗೆ ಆಹಾರವಾಗುತ್ತವೆ. ಕಳೆದರೆ ಮೇಷ್ಟ್ರ ಸಂಬಳದಿಂದ ಹೋಗುತ್ತದೆ. ಗೆದ್ದಲು ತಿಂದರೆ ಯಾರ ಸಂಬಳದಿಂದಲೂ ಹೋಗುವುದಿಲ್ಲ. ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್. ಆರ್. ರಂಗನಾಥನ್ 1931ರಲ್ಲೇ ‘ಪುಸ್ತಕವಿರುವುದು ಬಳಕೆಗೆ’ ಎಂದು ಮೊದಲನೆಯ ಸೂತ್ರ ಬರೆದಿಟ್ಟರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಬೀರುವಿನ ಬೀಗಕ್ಕೆ ಮಾತ್ರ ಆ ಸೂತ್ರ ಇನ್ನೂ ತಲುಪಿಲ್ಲ.

ಗಡಿಯಂಚಿನ ಗೃಹಿಣಿ:

ಸರ್, ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ. ಅವರು ನೋಟ್‌ಬುಕ್ ತಿರುವಿ, ಹೋದ ವರ್ಷ ಹನ್ನೊಂದು ಚೀಲ ಹೋದವು, ಒಂಬತ್ತು ಬಂದವು ಎಂದರು. ಉಳಿದ ಎರಡು? ‘ಆ ಮಕ್ಕಳೂ ಬರಲಿಲ್ಲವಲ್ಲ.’ ಅಷ್ಟೇ ಉತ್ತರ. ಕುಟುಂಬ ಅಲ್ಲೇ ನೆಲೆ ನಿಂತಿರಬಹುದು, ಇನ್ನೇನೋ ಆಗಿರಬಹುದು. ಅವರು ಕೇಳಲು ಹೋಗುವುದಿಲ್ಲ.

ಪ್ಲೇನೋ ನಿವಾಸಿ:

ಎಲ್ಲರೂ ಹೊಗಳುವಾಗ ಅಪಸ್ವರ ಎತ್ತುತ್ತಿದ್ದೇನೆ, ಕ್ಷಮಿಸಿ. ನಾಲ್ಕು ಇಂಗ್ಲಿಷ್ ನಾಲ್ಕು ಸ್ಪ್ಯಾನಿಷ್ ಏಕೆ? ಎಂಟೂ ಇಂಗ್ಲಿಷ್ ಏಕಲ್ಲ? ಆ ಮಕ್ಕಳಿಗೆ ಮನೆಯಲ್ಲಿ ಸ್ಪ್ಯಾನಿಷ್, ಹೊಲದಲ್ಲಿ ಸ್ಪ್ಯಾನಿಷ್, ಚರ್ಚಿನಲ್ಲಿ ಸ್ಪ್ಯಾನಿಷ್. ಇಂಗ್ಲಿಷ್ ಸಿಗುವ ಒಂದೇ ಜಾಗ ಶಾಲೆ. ನಾನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯ ಮೊದಲ ದಿನ ಭೌತಶಾಸ್ತ್ರದ ಉಪನ್ಯಾಸಕರು ಒಂದು ಗಂಟೆ ಮಾತನಾಡಿದರು. ನನಗೆ ಅರ್ಥವಾದದ್ದು ‘ಸಿಟ್ ಡೌನ್’ ಮಾತ್ರ. ಆ ಅವಮಾನ ಇವತ್ತಿಗೂ ಹೊಟ್ಟೆಯಲ್ಲಿದೆ. ತಾಯ್ನುಡಿಯ ಪ್ರೀತಿಯನ್ನು ಇಂಗ್ಲಿಷ್ ಗೊತ್ತಿರುವವರು ಬೋಧಿಸುತ್ತಾರೆ, ಬೆಲೆ ತೆರುವವರು ಮಕ್ಕಳು.

ಹಳೆಯ ಹೊತ್ತಿಗೆ (ಕ್ವೀನ್ಸ್, ನ್ಯೂಯಾರ್ಕ್):

ಪ್ಲೇನೋ ಅವರ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಈ ವಾದಕ್ಕೆ ಅಮೆರಿಕದಲ್ಲಿ ನೂರು ವರ್ಷದ ಇತಿಹಾಸವಿದೆ. ನಡುರಾತ್ರಿಯಾಗಿದ್ದರೂ ಬರೆಯುತ್ತೇನೆ.

ಸ್ಪ್ಯಾನಿಷ್ ಮಾತಿನ ಪೋರ್ಟೊ ರಿಕೊ ದ್ವೀಪದ ಸಿದ್ರಾ ಎಂಬ ಊರಿನ ಹುಡುಗಿ ಪುರಾ ಬೆಲ್‌ಪ್ರೆ. ಅಕ್ಕನ ಮದುವೆಗೆಂದು ನ್ಯೂಯಾರ್ಕಿಗೆ ಬಂದವರು ಇಲ್ಲೇ ಉಳಿದು, 1921ರಲ್ಲಿ ಹಾರ್ಲೆಮ್‌ನ 135ನೆಯ ರಸ್ತೆಯ ಗ್ರಂಥಾಲಯ ಶಾಖೆಗೆ ಕೆಲಸಕ್ಕೆ ಸೇರಿದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ಪೋರ್ಟೊ ರಿಕನ್ ಗ್ರಂಥಪಾಲಕಿ. ಶಾಲೆಯ ನೌಕರಿಯಲ್ಲದಿದ್ದರೂ ಶಾಲೆ, ಚರ್ಚು, ಓಣಿ, ಸಮುದಾಯ ಭವನ, ಮಕ್ಕಳಿರುವ ಕಡೆಗೆಲ್ಲ ಹೋಗುತ್ತಿದ್ದರು. ಆಗ ಕಥೆಯ ಗಂಟೆಗೆ ಒಂದು ಕಟ್ಟುಪಾಡು ಇತ್ತು: ಅಚ್ಚಾದ ಪುಸ್ತಕದಲ್ಲಿರುವ ಕಥೆಯನ್ನೇ ಹೇಳಬೇಕು. ಬೆಲ್‌ಪ್ರೆ ಕಪಾಟುಗಳನ್ನೆಲ್ಲ ಹುಡುಕಿದರು. ಅಜ್ಜಿ ಹೇಳುತ್ತಿದ್ದ ಒಂದು ಕಥೆಯೂ ಅಲ್ಲಿರಲಿಲ್ಲ. ಸರಿ, ತಾವೇ ಬರೆದರು. ಮಾರ್ತಿನಾ ಎಂಬ ಜಿರಳೆ, ಅವಳನ್ನು ಮೆಚ್ಚಿದ ಪೆರೆಸ್ ಎಂಬ ಇಲಿ. ಮದುವೆಯಾಗಿ ಸುಖವಾಗಿರುವಾಗ ಇಲಿರಾಯ ರುಚಿ ನೋಡಲು ಹೋಗಿ ಕುದಿಯುವ ಪಾತ್ರೆಗೆ ಬೀಳುತ್ತಾನೆ. ಅದು 1932ರಲ್ಲಿ ಅಚ್ಚಾಯಿತು. (ಜಿರಳೆಯನ್ನು ನಾಯಕಿಯಾಗಿಸಲು ಧೈರ್ಯ ಬೇಕು. ನಮ್ಮ ಅಜ್ಜಿಯರು ಗುಬ್ಬಿಗೆ, ಕಾಗೆಗೆ ನಿಂತುಬಿಟ್ಟರು.)

ಸುತ್ತ ಪೋರ್ಟೊ ರಿಕನ್ನರು ನೆಲೆಸುತ್ತಿದ್ದ 115ನೆಯ ರಸ್ತೆಯ ಶಾಖೆಯಲ್ಲಿ ಎರಡೂ ಭಾಷೆಯಲ್ಲಿ ಕಥೆ ಹೇಳಿದರು, ಗೊಂಬೆ ಆಡಿಸಿದರು, ಜನವರಿ 6ರ ‘ಮೂವರು ರಾಜರ’ ಕ್ರೈಸ್ತ ಹಬ್ಬವನ್ನು ಗ್ರಂಥಾಲಯದೊಳಗೇ ಮಾಡಿದರು. ಪುಸ್ತಕಕ್ಕೆ ಬಾರದ ಅಮ್ಮಂದಿರು ಹಬ್ಬಕ್ಕೆ ಬಂದರು. ಮದುವೆಯ ನಂತರ ಕೆಲಸ ಬಿಟ್ಟಿದ್ದವರು ಗಂಡ ತೀರಿಕೊಂಡ ಮೇಲೆ 1960ರ ದಶಕದಲ್ಲಿ ಮರಳಿದರು. 1968ರಲ್ಲಿ ನಿವೃತ್ತರಾದವರನ್ನು ದಕ್ಷಿಣ ಬ್ರಾಂಕ್ಸ್‌ನ ಹೊಸ ಯೋಜನೆಗೆ ಮತ್ತೆ ಕರೆತಂದರು. 1982ರ ಜುಲೈ 1ರಂದು ತೀರಿಕೊಂಡರು. ಅವರ ಹೆಸರಿನ ಮಕ್ಕಳ ಪುಸ್ತಕ ಪ್ರಶಸ್ತಿಯನ್ನು 1996ರಿಂದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಲೇಖಕರಿಗೂ ಚಿತ್ರಕಾರರಿಗೂ ಕೊಡುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಬೆಲ್‌ಪ್ರೆ ಇಂಗ್ಲಿಷ್ ವಿರೋಧಿಯಾಗಿರಲಿಲ್ಲ. ಆ ಇಲಿಯ ಕಥೆ ಮೊದಲು ಅಚ್ಚಾದದ್ದೇ ಇಂಗ್ಲಿಷಿನಲ್ಲಿ.

ಪ್ಲೇನೋ ನಿವಾಸಿ:

ಒಳ್ಳೆಯ ಮಾಹಿತಿ. ಆದರೆ ಕಥೆ ಬೇರೆ, ಓದುವ ಸಾಮರ್ಥ್ಯ ಬೇರೆ. ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ.

ಗಡಿಯಂಚಿನ ಗೃಹಿಣಿ:

ಓದುವ ಸಾಮರ್ಥ್ಯಕ್ಕೇ ಬರುತ್ತೇನೆ ಸರ್. ಇಲ್ಲಿಗೆ ಬಂದ ಮೊದಲ ವಾರ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮಕ್ಕಳು ರಾಗವಾಗಿ ‘ಮಾ ಮೆ ಮಿ ಮೊ ಮು, ಪಾ ಪೆ ಪಿ ಪೊ ಪು’ ಎನ್ನುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು; ನಮ್ಮ ಕಾಗುಣಿತ! ಸ್ಪ್ಯಾನಿಷ್ ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ. ಐದೇ ಸ್ವರ, ಎಲ್ಲಿ ಹೋದರೂ ಅದೇ ಉಚ್ಚಾರಣೆ. ಮಗು ಕೆಲವೇ ತಿಂಗಳಲ್ಲಿ ಓದತೊಡಗುತ್ತದೆ. ‘ನನಗೆ ಓದಲು ಬರುತ್ತದೆ’ ಎಂಬುದು ಒಮ್ಮೆ ಗೊತ್ತಾದರೆ ಇಂಗ್ಲಿಷಿನ ಹುಚ್ಚು ಕಾಗುಣಿತದ ಎದುರು ನಿಲ್ಲಲು ಎದೆಗಾರಿಕೆ ಬರುತ್ತದೆ. ಮೊದಲಿಗೇ ಇಂಗ್ಲಿಷ್ ಕೊಟ್ಟರೆ ಅರ್ಥ ಗೊತ್ತಿಲ್ಲದ ಪದವನ್ನು, ಬರೆದಂತೆ ಓದಲಾಗದ ಅಕ್ಷರಗಳಲ್ಲಿ, ಎರಡು ಕತ್ತಲೆಯನ್ನು ಒಟ್ಟಿಗೆ ದಾಟಬೇಕು.

ಇದು ನನ್ನ ಅನಿಸಿಕೆ ಮಾತ್ರವಲ್ಲ. ಎರಡನೆಯ ಭಾಷೆಯ ಮಕ್ಕಳ ಓದಿನ ಬಗ್ಗೆ ಅಮೆರಿಕದಲ್ಲಿ ತಜ್ಞರ ತಂಡವೊಂದು ಅಧ್ಯಯನಗಳನ್ನೆಲ್ಲ ಜಾಲಾಡಿ 2006ರಲ್ಲಿ ದೊಡ್ಡ ವರದಿ ಕೊಟ್ಟಿತು. ಮೊದಲ ಭಾಷೆಯ ಓದು ಇಂಗ್ಲಿಷ್ ಓದಿಗೆ ನೆರವಾಗುತ್ತದೆ ಎಂದೇ ಅದರಲ್ಲಿದೆ. ನಿಮ್ಮ ಮಾತಿನ ಅರ್ಧವೂ ಅದರಲ್ಲಿದೆ: ಇಂಗ್ಲಿಷ್ ಮಾತು ಗಟ್ಟಿಯಾಗದೆ ಮುಂದಿನ ತರಗತಿಗಳ ಓದು ಅರ್ಥವಾಗದು.

ಮಿಸ್ ಇಂಗ್ಲಿಷನ್ನು ಬಿಟ್ಟವರಲ್ಲ. ಅವರ ಜಗಳವಿದ್ದದ್ದು ಬಣ್ಣದ ಚುಕ್ಕಿಗಳ ಜೊತೆ. ಒಂದು ಕಾಲಕ್ಕೆ ಪ್ರತಿ ಪುಸ್ತಕದ ಬೆನ್ನಿಗೂ ಓದಿನ ಮಟ್ಟ ತೋರಿಸುವ ಚುಕ್ಕಿ ಅಂಟಿಸಿದ್ದರು. ಹಳದಿ ಚುಕ್ಕಿಯ ಮಗು ನೀಲಿ ಚುಕ್ಕಿಯ ಪುಸ್ತಕ ಮುಟ್ಟುವಂತಿಲ್ಲ. ಓದಿದ ಮೇಲೆ ಕಂಪ್ಯೂಟರಿನಲ್ಲಿ ಪ್ರಶ್ನೆ, ಅದಕ್ಕೆ ಅಂಕ. ಸ್ಪ್ಯಾನಿಷ್ ಪುಸ್ತಕಗಳಿಗೆ ಪ್ರಶ್ನೆಗಳೇ ಇರಲಿಲ್ಲವಾದ್ದರಿಂದ ಅಂಕವೂ ಇಲ್ಲ. ಅಂಕವಿಲ್ಲದ್ದನ್ನು ಯಾರು ಓದುತ್ತಾರೆ? ಒಂದು ಬೇಸಿಗೆಯಲ್ಲಿ ಅವರು ಒಬ್ಬರೇ ಕುಳಿತು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮಾಡಿ, ಅಷ್ಟೂ ಚುಕ್ಕಿ ಕಿತ್ತರಂತೆ. ಅಂಟು ಹಾಗೇ ಉಳಿದ ಕೆಲವು ಪುಸ್ತಕಗಳಿಗೆ ಈಗಲೂ ಧೂಳು ಹತ್ತುತ್ತದೆ. ಅದನ್ನು ಒರೆಸುವುದು ನನ್ನ ಬುಧವಾರದ ಕೆಲಸ.

ತಾಂಡಾ ಶಾಲೆಯ ಮೇಷ್ಟ್ರು:

ಕಲಬುರಗಿ ಜಿಲ್ಲೆ, ಹದಿನೇಳು ವರ್ಷದ ಸೇವೆ. ನನ್ನ ಮಕ್ಕಳ ಮನೆಮಾತು ಲಂಬಾಣಿ. ಇಲ್ಲಿ ಕನ್ನಡವೇ ಅವರ ‘ಇಂಗ್ಲಿಷ್’. ದೀಪಾವಳಿ ಮುಗಿಯಿತೆಂದರೆ ಅರ್ಧ ತರಗತಿ ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಗಾಡಿ ಹತ್ತುತ್ತದೆ. ಹಾಜರಿ ಪುಸ್ತಕದಲ್ಲಿ ಕೆಂಪು ಗೀಟು ಎಳೆಯುವುದು ಬಿಟ್ಟು ನಾನು ಇನ್ನೇನೂ ಮಾಡಿದ್ದಿಲ್ಲ. ಪ್ಲಾಸ್ಟಿಕ್ ಚೀಲದ ವಿಷಯ ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ.

ಅಕ್ಕ, ಒಂದು ಚೀಲಕ್ಕೆ ಎಂಟೇ ಏಕೆ ಎಂದು ಕೇಳಿ ಹೇಳುತ್ತೀರಾ?

ಪ್ಲೇನೋ ನಿವಾಸಿ:

ಮೇಷ್ಟ್ರೇ, ನಿಮ್ಮ ಪ್ರತಿಕ್ರಿಯೆ ಓದಿ ನನ್ನ ಸ್ವರ ಸ್ವಲ್ಪ ಇಳಿದಿದೆ. ಪೂರ್ತಿ ಒಪ್ಪಿದ್ದೇನೆಂದಲ್ಲ.

ಹಳೆಯ ಹೊತ್ತಿಗೆ (ಕ್ವೀನ್ಸ್, ನ್ಯೂಯಾರ್ಕ್):

ಗೃಹಿಣಿಯವರೇ, ನಿಮ್ಮ ಮಿಸ್ ಸ್ವತಃ ಶಾಲೆಗೆ ಹೋದ ಕಾಲ ಹೇಗಿತ್ತು? ಕೇಳುತ್ತಿರುವುದಕ್ಕೆ ಕಾರಣವಿದೆ. ಪಶ್ಚಿಮ ಟೆಕ್ಸಸ್‌ನ ಮಾರ್ಫಾದಲ್ಲಿ ಬ್ಲ್ಯಾಕ್‌ವೆಲ್ ಶಾಲೆ ಎಂದಿತ್ತು, ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆಯಾಗಿಟ್ಟು ಕಲಿಸುತ್ತಿದ್ದ ಶಾಲೆ. 1954ರಲ್ಲಿ ಅಲ್ಲಿ ಮಕ್ಕಳಿಂದ ಸ್ಪ್ಯಾನಿಷ್ ಮಾತನಾಡುವುದಿಲ್ಲವೆಂದು ಚೀಟಿ ಬರೆಸಿ, ಚೀಟಿಗಳನ್ನು ಪೆಟ್ಟಿಗೆಗೆ ಹಾಕಿಸಿ, ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಸಂಸ್ಕಾರ ಎಂದು ಮಣ್ಣು ಮಾಡಿಸಿದರು. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸುವ ಕಾನೂನಾಯಿತು.

ಗಡಿಯಂಚಿನ ಗೃಹಿಣಿ:

ಹೌದು. ಅವರು ಒಂದನೆಯ ತರಗತಿಗೆ ಸೇರಿದ್ದು 1966ರಲ್ಲಿ. ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಪದ ಬಾಯಿಂದ ಬಿದ್ದರೆ ಮರದ ಹಲಗೆಯ ಏಟು. ‘ಬಾಞೊ’ ಎಂದರೆ ಶೌಚಾಲಯ. ಅದಕ್ಕೆ ಇಂಗ್ಲಿಷ್ ಪದ ಗೊತ್ತಿಲ್ಲದೆ, ಸ್ಪ್ಯಾನಿಷಿನಲ್ಲಿ ಕೇಳುವ ಧೈರ್ಯವೂ ಇಲ್ಲದೆ, ಕುಳಿತಲ್ಲೇ ಒದ್ದೆ ಮಾಡಿಕೊಂಡಿದ್ದರಂತೆ. ಅದನ್ನು ನಗುತ್ತಾ ಹೇಳಿದರು, ಪುಸ್ತಕಕ್ಕೆ ಮುದ್ರೆ ಒತ್ತುತ್ತಾ. ನನಗೆ ನಗು ಬರಲಿಲ್ಲ. ಅವರ ಮನೆಯವರೂ ಹೊಲಗೆಲಸಕ್ಕೆ ಉತ್ತರಕ್ಕೆ ಹೋಗುತ್ತಿದ್ದವರೇ.

ಮುಂದೆ ಕಾನೂನು ತಿರುವು ಪಡೆಯಿತು. 1968ರಲ್ಲಿ ದ್ವಿಭಾಷಾ ಶಿಕ್ಷಣಕ್ಕೆ ಕೇಂದ್ರದ ಕಾಯಿದೆ ಬಂತು, 1973ರಲ್ಲಿ ಟೆಕ್ಸಸ್ ತನ್ನದೇ ಕಾಯಿದೆ ತಂದಿತು. ಒಂದು ಶಾಲಾ ಜಿಲ್ಲೆಯಲ್ಲಿ, ಅಂದರೆ ಒಂದೇ ಆಡಳಿತಕ್ಕೆ ಸೇರಿದ ಶಾಲೆಗಳೆಲ್ಲ ಸೇರಿ, ಒಂದೇ ತರಗತಿಯಲ್ಲಿ ಒಂದೇ ಮನೆಮಾತಿನ, ಇಂಗ್ಲಿಷ್ ಬಾರದ 20 ಮಕ್ಕಳಿದ್ದರೆ ದ್ವಿಭಾಷಾ ಪಾಠ ಕೊಡಲೇಬೇಕು. 1982ರಲ್ಲಿ, ಟೆಕ್ಸಸ್‌ನದೇ ಪ್ಲೈಲರ್ ಪ್ರಕರಣದಲ್ಲಿ, ವಲಸೆಯ ಕಾಗದಪತ್ರವಿಲ್ಲದ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಶಾಲೆಯ ಗ್ರಂಥಾಲಯದ ಮಹತ್ವ ನನಗೆ ತಿಳಿದದ್ದು ಇಲ್ಲಿಯೇ. ಊರಿನ ಸಾರ್ವಜನಿಕ ಗ್ರಂಥಾಲಯ ಚೆನ್ನಾಗಿಯೇ ಇದೆ. ಮೆಕ್‌ಆಲೆನ್‌ನದಂತೂ ಹಳೆಯ ವಾಲ್‌ಮಾರ್ಟ್ ಕಟ್ಟಡದಲ್ಲಿ 2011ರಲ್ಲಿ ತೆರೆದದ್ದು, ಒಂದೇ ಅಂತಸ್ತು, ನಡೆದು ನಡೆದು ಕಾಲು ನೋಯುತ್ತದೆ. ಆದರೆ ಸದಸ್ಯತ್ವಕ್ಕೆ ಗುರುತಿನ ಚೀಟಿ, ವಿಳಾಸದ ದಾಖಲೆ ಎಂದರೆ ಹೆದರುವ ಮನೆಗಳಿವೆ. ಮಿಸ್ ಹತ್ತಿರ ಮಗುವಿನ ಮುಖವೇ ಕಾರ್ಡು.

ಧಾರವಾಡದ ಗ್ರಂಥಪಾಲಕ:

ಈ ಕೊನೆಯ ವಾಕ್ಯವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ, ಅನುಮತಿ ಇದೆಯೆಂದು ಭಾವಿಸಿ.

ಬಯೋ ಬಯಲು (ಹ್ಯೂಸ್ಟನ್):

ಸಿಹಿಯ ನಡುವೆ ಸ್ವಲ್ಪ ಕಹಿ. ಅವರ ಜಾಗಕ್ಕೆ ಯಾರು ಬರುತ್ತಾರೆ? ನಮ್ಮ ಹ್ಯೂಸ್ಟನ್ ಶಾಲಾ ಜಿಲ್ಲೆಯನ್ನು 2023ರಲ್ಲಿ ರಾಜ್ಯ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಸುಧಾರಣೆಯ ಹೆಸರಿನಲ್ಲಿ ಹಲವು ಶಾಲೆಗಳ ಗ್ರಂಥಪಾಲಕರ ಹುದ್ದೆ ಹೋಯಿತು. ಗ್ರಂಥಾಲಯದ ಕೋಣೆಗಳನ್ನು, ತರಗತಿಯಲ್ಲಿ ಗಲಾಟೆ ಮಾಡಿದ ಮಕ್ಕಳನ್ನೂ ಪಾಠ ಬೇಗ ಮುಗಿಸಿದವರನ್ನೂ ಕೂರಿಸುವ ಕೇಂದ್ರಗಳನ್ನಾಗಿ ಬದಲಿಸಿದರು. ಈ ಜಿಲ್ಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಟಿನೊಗಳು. ಮೂವತ್ತನಾಲ್ಕು ವರ್ಷದ ಅನುಭವಕ್ಕೆ ಹೂಗುಚ್ಛ ಕೊಟ್ಟು ಕಳಿಸುವುದು ಸುಲಭ. ಹುದ್ದೆ ಉಳಿಯುತ್ತದೆಯೇ ಎಂದು ವಿಚಾರಿಸಿ.

ಗಡಿಯಂಚಿನ ಗೃಹಿಣಿ:

ವಿಚಾರಿಸಿದೆ. ಉಳಿಯುವುದಿಲ್ಲ. ಮುಂದಿನ ವರ್ಷದಿಂದ ಒಬ್ಬ ಗ್ರಂಥಪಾಲಕರು ಮೂರು ಶಾಲೆಗಳನ್ನು ಸುತ್ತುತ್ತಾರೆ. ಉಳಿದ ದಿನಗಳಲ್ಲಿ ಒಬ್ಬ ಸಹಾಯಕಿ ಬಾಗಿಲು ತೆರೆದಿಡುತ್ತಾರೆ. ಇದನ್ನು ಬೀಳ್ಕೊಡುಗೆಯ ಪುಟದಲ್ಲಿ ಬರೆದರೆ ಅಚ್ಚು ಹಾಕುವುದಿಲ್ಲ, ಬರೆದುಕೊಟ್ಟಿದ್ದೇನೆ, ನೋಡೋಣ.

ಏಪ್ರಿಲ್ 30ರ ವಿಷಯ ಹೇಳಿ ಮುಗಿಸುತ್ತೇನೆ. ಮೆಕ್ಸಿಕೊದಲ್ಲಿ ಅದು ಮಕ್ಕಳ ದಿನ. ಎಲ್ ಪಾಸೊದಲ್ಲಿ ಹುಟ್ಟಿದ ಲೇಖಕಿ ಪ್ಯಾಟ್ ಮೋರಾ ಅದಕ್ಕೆ ಪುಸ್ತಕವನ್ನೂ ಸೇರಿಸಿ ‘ಮಕ್ಕಳ ದಿನ, ಪುಸ್ತಕದ ದಿನ’ ಎಂದು 1996ರಲ್ಲಿ ಶುರು ಮಾಡಿದರು. ಈಗ ದೇಶದ ಎಷ್ಟೋ ಗ್ರಂಥಾಲಯಗಳಲ್ಲಿ ಆಚರಣೆಯಿದೆ. ಮಿಸ್ ಆ ದಿನ ಪ್ರತಿ ವರ್ಷ ಒಂದೇ ಕಥೆ ಹೇಳುತ್ತಾರೆ, ತೊಮಾಸ್ ರಿವೆರಾ ಎಂಬವರ ಬದುಕಿನದು. 1935ರಲ್ಲಿ ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದ, ವಲಸೆ ಕೂಲಿಕಾರರ ಮಗ. ಕೆಲಸಕ್ಕೆ ಹೋದ ಅಯೋವಾದಲ್ಲಿ ಒಬ್ಬ ಗ್ರಂಥಪಾಲಕಿ ಅವನನ್ನು ಒಳಗೆ ಕರೆದು ಪುಸ್ತಕ ಕೊಟ್ಟಳು. 1979ರಲ್ಲಿ ಅದೇ ಹುಡುಗ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಚಾನ್ಸಲರ್. ಇವತ್ತು ಅಲ್ಲಿನ ಗ್ರಂಥಾಲಯಕ್ಕೇ ಅವನ ಹೆಸರು.

ಈ ವರ್ಷ ಮಿಸ್ ನನ್ನನ್ನೂ ಎಬ್ಬಿಸಿ, ಕನ್ನಡದ ಚಿತ್ರಪುಸ್ತಕ ಓದು ಎಂದರು. ಓದಿದೆ. ಯಾರಿಗೂ ಒಂದು ಅಕ್ಷರ ಅರ್ಥವಾಗಲಿಲ್ಲ, ಆದರೂ ಬಾಯಿ ಬಿಟ್ಟು ಕೇಳಿದರು. ಆಮೇಲೆ ಹಲಗೆಯ ಮೇಲೆ ಅಕ್ಷರ ಬರೆಯುತ್ತಾ ‘ಠ’ಕ್ಕೆ ಬಂದೆ. ಐದನೆಯ ತರಗತಿಯ ಹುಡುಗನೊಬ್ಬ ಚಂಗನೆ ಎದ್ದು, ‘ಮಿಸ್, ಅದು ಕಣ್ಣು! ಸಿಟ್ಟಿನ ಮುಖದ ಕಣ್ಣು!’ ಎಂದು ಕೂಗಿದ. ಇಂಟರ್ನೆಟ್ಟಿನಲ್ಲಿ ಎರಡು ‘ಠ’ ಇಟ್ಟು ಗುರಾಯಿಸುವ ಮುಖ ಮಾಡುತ್ತಾರಲ್ಲ, ಅದು. ನಮ್ಮ ಅಕ್ಷರವನ್ನು ಅವನು ನನಗಿಂತ ಮೊದಲೇ ಬಳಸುತ್ತಿದ್ದ. ಅದು ಒಂದು ಭಾಷೆಯ ಅಕ್ಷರ ಎಂದು ಮಾತ್ರ ಗೊತ್ತಿರಲಿಲ್ಲ.

ಪ್ಲೇನೋ ನಿವಾಸಿ:

ಠ_ಠ

(ಇದು ಸಿಟ್ಟಲ್ಲ.) ಮೇಡಂ, ಆ ಚೀಲಗಳಿಗೆ ಸ್ಪ್ಯಾನಿಷ್ ಪುಸ್ತಕ ಕೊಳ್ಳಲು ಹಣ ಯಾರು ಕೊಡುತ್ತಿದ್ದರು, ಮುಂದೆ ಯಾರು ಕೊಡುತ್ತಾರೆ? ಖಾಸಗಿಯಾಗಿ ಬರೆಯಿರಿ. ಇಂಗ್ಲಿಷ್ ಪುಸ್ತಕವನ್ನೂ ಸೇರಿಸಿ ಎಂಬ ನನ್ನ ಷರತ್ತು ಹಾಗೇ ಇದೆ.

ಗಡಿಯಂಚಿನ ಗೃಹಿಣಿ:

ಬರೆಯುತ್ತೇನೆ ಸರ್.

ಮೇಷ್ಟ್ರೇ, ಎಂಟೇ ಏಕೆಂದು ಕೇಳಿದೆ. ‘ಆ ಅಳತೆಯ ಚೀಲಕ್ಕೆ ಎಂಟೇ ಹಿಡಿಯುವುದು. ದೊಡ್ಡ ಚೀಲ ಕೊಟ್ಟರೆ ಅಮ್ಮಂದಿರು ಅದಕ್ಕೆ ಬಟ್ಟೆ ತುಂಬುತ್ತಾರೆ’ ಎಂದರು. ನಿಮ್ಮ ಕಬ್ಬಿನ ಗಾಡಿಗೂ ಇದು ಹೊಂದೀತು.

ಹಸಿರು ನೋಟ್‌ಬುಕ್ಕನ್ನು ನಿನ್ನೆ ನನ್ನ ಕೈಗೆ ಕೊಟ್ಟರು. ಸಹಾಯಕಿಗೆ ಕೊಡಬೇಕಾದದ್ದಲ್ಲವೇ ಎಂದೆ. ಅವರು ಸಂಬಳದವರು, ನಿಯಮ ಮುರಿದರೆ ಕೆಲಸ ಹೋಗುತ್ತದೆ, ನಿನ್ನನ್ನು ತೆಗೆಯಲು ನಿನಗೆ ಕೆಲಸವೇ ಇಲ್ಲವಲ್ಲ ಎಂದು ನಕ್ಕರು. ಈ ಏಪ್ರಿಲ್‌ನಲ್ಲಿ ಹದಿಮೂರು ಚೀಲ ಹೋಗಿವೆ. ಕೊನೆಯ ಸಾಲು ಅಣ್ಣ ತಂಗಿಯದು: ಮಿಷಿಗನ್, ಹಾರ್ಟ್ ಎಂಬ ಊರು, ಆಸ್ಪ್ಯಾರಗಸ್. ತಂಗಿಯ ಹೆಸರಿನ ಎದುರು ಒಂಬತ್ತು ಪುಸ್ತಕ ಎಂದಿದೆ. ಒಂಬತ್ತನೆಯದನ್ನು ಅವಳು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದಾಳೆ.